ಜಾಝ್ ರ‍್ಯಾಪ್: ಅಪ್ಪನ ಸಂಗೀತ, ಮಗನ ಮಾತು

ರ‍್ಯಾಪ್ ಅಂದ್ರೆ ಬರೀ ಗಲಾಟೆ ಅನ್ನೋರಿಗೆ ನಾನು ಮೊದಲು ಕೇಳಿಸೋದು ನ್ಯೂಯಾರ್ಕಿನ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ 1991ರ ಆಲ್ಬಂ ‘ದಿ ಲೋ ಎಂಡ್ ಥಿಯರಿ’. ಮೊದಲ ಸಲ ಮಾತು ಬಿಟ್ಟುಬಿಡಿ, ಬಾಸ್ ಮಾತ್ರ ಕೇಳಿ.

ಹಳೇ ಜಾಝ್ ರೆಕಾರ್ಡಿನ ಕೆಲವೇ ಸೆಕೆಂಡುಗಳ ತುಣುಕನ್ನು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ತಮ್ಮ ಮಾತು ಹೇಳೋದು: ಇದೇ ಸ್ಯಾಂಪ್ಲಿಂಗ್. ಇದನ್ನ ಕಳ್ಳತನ ಅಂದವರಿದ್ದಾರೆ. ನನಗಿದು ಮನೆ ಆಸ್ತಿಯ ಹಕ್ಕು ಅನಿಸುತ್ತೆ. ಜಾಝ್ ಕಟ್ಟಿದ್ದೂ ಅಮೆರಿಕದ ಕಪ್ಪು ಜನರೇ. ಒಂದು ಕಾಲಕ್ಕೆ ‘ಸಭ್ಯರು’ ಅದನ್ನೂ ಗದ್ದಲ ಅಂತಲೇ ಹಳಿದಿದ್ದರು. ಹಿರಿಯರೂ ದೂರ ನಿಲ್ಲಲಿಲ್ಲ. ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದ ರಾನ್ ಕಾರ್ಟರ್ ಇದೇ ಆಲ್ಬಮ್ಮಿನ ಒಂದು ಹಾಡಿಗೆ ಬಾಸ್ ನುಡಿಸಿದರು. 1993ರಲ್ಲಿ ರ‍್ಯಾಪರ್ ಗುರು ‘ಜಾಝ್‌ಮಟಾಝ್’ ಮಾಡಿದಾಗ ಡೊನಾಲ್ಡ್ ಬರ್ಡ್ ಟ್ರಂಪೆಟ್ ಹಿಡಿದು ಬಂದರು.

ಆಮೇಲೆ 2015ಕ್ಕೆ ಬನ್ನಿ: ಕೆಂಡ್ರಿಕ್ ಲಮಾರ್‌ನ ‘ಟು ಪಿಂಪ್ ಎ ಬಟರ್‌ಫ್ಲೈ’. ಅದರಲ್ಲಿ ಕಮಾಸಿ ವಾಷಿಂಗ್ಟನ್ ಸ್ಯಾಕ್ಸೊಫೋನ್ ಇದೆ. ಅದರ ‘ಆಲ್‌ರೈಟ್’ ಹಾಡು ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದವರ ಘೋಷಣೆಯಾಯ್ತು.

ಇಷ್ಟಾದ ಮೇಲೆ ಮತ್ತೆ ಮೊದಲ ಆಲ್ಬಮ್ಮಿಗೆ ಹೋಗಿ. ಈ ಸಲ ಮಾತು ಕೇಳಿ. ಆರಂಭದ ಹಾಡಲ್ಲೇ ಕ್ಯೂ-ಟಿಪ್ ಹಿಪ್-ಹಾಪನ್ನೂ ಬೀಬಾಪ್ ಜಾಝನ್ನೂ ಜೋಡಿಸುತ್ತಾ ತನ್ನಪ್ಪನನ್ನ ನೆನೀತಾನೆ.