ಭಾರತದ ಕಾಲ್ಚೆಂಡಾಟವೂ ಒಬ್ಬ ಉಪಾಧ್ಯಾಯರೂ

ಚೆಂಡಾಟವು ನಮ್ಮ ಪೂರ್ವಿಕರಿಗೆ ಅಪರಿಚಿತವಾದ ವಿನೋದವಾಗಿರಲಿಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಕುಮಾರಿಯು ಚೆಂಡಾಡುವ ಉತ್ಸವದ ವರ್ಣನೆಯು ಬಹು ಮನೋಹರವಾಗಿದೆ. ಮಹಾಭಾರತದಲ್ಲಿ ಕುರುಕುಮಾರರು ಆಡುತ್ತಿದ್ದ ಆಟದ ವಸ್ತುವು ಬಾವಿಗೆ ಬಿದ್ದಾಗ ಅದನ್ನು ಮೇಲೆತ್ತಿಕೊಟ್ಟ ದ್ರೋಣನೇ ಮುಂದೆ ಆ ಬಾಲಕರಿಗೆ ಗುರುವಾದನೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ಕೈ ಸೋಕಿಸದೆ ಕಾಲಿನಿಂದಲೇ ಚೆಂಡನ್ನು ನಡೆಸಿ, ಹನ್ನೊಂದು ಜನರು ಹನ್ನೊಂದು ಜನರನ್ನು ಎದುರಿಸುವ ಫುಟ್‌ಬಾಲ್ ಎಂಬ ಆಟವನ್ನು ಈ ದೇಶಕ್ಕೆ ತಂದವರು ಆಂಗ್ಲರ ಸೈನಿಕರು. ಅವರಿಂದ ಕಲಿತ ಆಟದಲ್ಲಿ ನಮ್ಮವರು ಒಂದು ಕಾಲದಲ್ಲಿ ಏಷ್ಯಾಖಂಡಕ್ಕೇ ಅಗ್ರಗಣ್ಯರಾಗಿದ್ದರೆಂಬ ಸಂಗತಿಯನ್ನು ಮಾತ್ರ ನಾವು ಬಹುಮಟ್ಟಿಗೆ ಮರೆತಿದ್ದೇವೆ.

ನಮ್ಮ ಕುಂಸಿಯಲ್ಲಿ ಸಂಜೆಯ ಹೊತ್ತು ಬಯಲಿನ ಕಡೆಗೆ ಹೋದರೆ, ದೂರದೇಶದ ಆಟಗಾರರ ಹೆಸರನ್ನು ಬೆನ್ನ ಮೇಲೆ ಅಚ್ಚುಹಾಕಿಸಿಕೊಂಡ ಅಂಗಿಗಳನ್ನು ತೊಟ್ಟ ಹುಡುಗರು ಕಾಣಸಿಗುತ್ತಾರೆ. ಮೆಸ್ಸಿ, ರೊನಾಲ್ಡೊ ಎಂಬ ಹೆಸರುಗಳು ಅವರಿಗೆ ಮಗ್ಗಿಯಂತೆ ಕಂಠಸ್ಥ. ಬೆಂಗಳೂರಿನ ಅಹಮದ್ ಖಾನರ ಹೆಸರನ್ನಾಗಲಿ, ಸಾರಂಗಪಾಣಿ ರಾಮನ್ನರ ಹೆಸರನ್ನಾಗಲಿ ಕೇಳಿದರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ. ಹಿರಿಯರು ಹೇಳದ ಕಥೆಯನ್ನು ಕಿರಿಯರು ಬಲ್ಲುದೆಂತು? ಆದುದರಿಂದ ಆ ಕಥೆಯನ್ನು ಗೃಹಸ್ಥರಾದ ವಾಚಕರ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ.

ಬರಿಗಾಲಿನಲ್ಲಿ ಆಡುವುದು ನಮ್ಮವರ ಪದ್ಧತಿಯಾಗಿತ್ತು. 1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡವನ್ನು 2-1ರಿಂದ ಸೋಲಿಸಿ ಐ. ಎಫ್. ಎ. ಷೀಲ್ಡನ್ನು ಗೆದ್ದಾಗ ಆ ತಂಡದಲ್ಲಿ ಬೂಟು ತೊಟ್ಟವರು ಒಬ್ಬರೇ. ಉಳಿದ ಹತ್ತು ಮಂದಿಯೂ ಬರಿಗಾಲಿನವರು. ಆಳುವವರನ್ನು ಅವರದೇ ಆಟದಲ್ಲಿ ಆಳಿಸಿಕೊಳ್ಳುವವರು ಗೆದ್ದ ಆ ದಿನವು ಕೇವಲ ಕ್ರೀಡೆಯ ಚರಿತ್ರೆಗೆ ಸೇರಿದ್ದಲ್ಲ.

ಕನ್ನಡನಾಡಿನಲ್ಲಿ ಈ ಆಟಕ್ಕೆ ತೊಟ್ಟಿಲಾದದ್ದು ಬೆಂಗಳೂರಿನ ದಂಡು ಪ್ರದೇಶ. ಹಲಸೂರು, ಆಸ್ಟಿನ್ ಟೌನ್ ಮೊದಲಾದ ಕಡೆಗಳಲ್ಲಿ ಸಾಧಾರಣ ಸ್ಥಿತಿಯ ಮನೆಗಳ ಮಕ್ಕಳು ಸೈನಿಕರ ಆಟವನ್ನು ನೋಡಿ ನೋಡಿ ಕಲಿತರು. ಅಲ್ಲಿಂದ ಹೊರಟ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಮುಂಬಯಿಯ ಪ್ರಸಿದ್ಧವಾದ ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದುಕೊಂಡಿತು. ಪ್ರಾಂತ ಪ್ರಾಂತಗಳ ನಡುವಣ ಸ್ಪರ್ಧೆಯಾದ ಸಂತೋಷ್ ಟ್ರೋಫಿಯು 1941ರಲ್ಲಿ ಆರಂಭವಾಯಿತಷ್ಟೆ. 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಆ ಪಾರಿತೋಷಕವನ್ನು ತಂದಿತು. 1952-53ರಲ್ಲಿ ಅದೇ ಗೆಲುವು ಮರುಕಳಿಸಿತು. ಹೀಗೆ ದೇಶಕ್ಕೆ ಸ್ವಾತಂತ್ರ್ಯವು ಬರುವ ಹೊತ್ತಿಗೆ ಭಾರತದ ತಂಡಕ್ಕೆ ಆಟಗಾರರನ್ನು ಒದಗಿಸಬಲ್ಲ ನಾಡುಗಳಲ್ಲಿ ಮೈಸೂರೂ ಒಂದಾಗಿತ್ತು.

1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಸ್ವತಂತ್ರ ಭಾರತದ ತಂಡವು ಹೊರಟಿತು. ನಾಗಾ ಜನಾಂಗದ ತರುಣ ತಲಿಮೇರನ್ ಆವೋ ಅವರು ನಾಯಕರು. ಅವರು ವೈದ್ಯವಿದ್ಯೆಯನ್ನು ಅಭ್ಯಾಸ ಮಾಡಿ ಮುಂದೆ ವೈದ್ಯರಾಗಿ ಜನಸೇವೆ ಮಾಡಿದವರು. ಗೋಲಿನ ಬಾಗಿಲನ್ನು ಕಾಯ್ದವರು ವರದರಾಜ್. ಮುಂದಿನ ಸಾಲಿನಲ್ಲಿ ಅಹಮದ್ ಖಾನ್ ಮತ್ತು ರಾಮನ್. ಈ ಮೂವರೂ ನಮ್ಮ ನಾಡಿನ ಕಡೆಯವರೇ. ಜುಲೈ 31ರಂದು ಫ್ರಾನ್ಸ್ ದೇಶದ ತಂಡದೊಡನೆ ನಡೆದ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಒಂದು ಗೋಲು ಹಿಂದಿದ್ದ ಭಾರತಕ್ಕೆ ರಾಮನ್ನರು ಎಪ್ಪತ್ತನೆಯ ನಿಮಿಷದಲ್ಲಿ ಗೋಲನ್ನು ಗಳಿಸಿಕೊಟ್ಟರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊತ್ತಮೊದಲನೆಯ ಗೋಲು ಅದೇ. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಕೊನೆಗೆ ಫ್ರಾನ್ಸ್ 2-1ರಿಂದ ಗೆದ್ದಿತು. ಸೋತರೂ ನಮ್ಮವರ ಪಾದಚಾತುರ್ಯವನ್ನು ಕಂಡು ಅಲ್ಲಿನ ಪ್ರೇಕ್ಷಕರು ಮೆಚ್ಚಿದರು.

ಅಹಮದ್ ಖಾನರ ವಿಷಯವಾಗಿ ಎರಡು ಮಾತುಗಳನ್ನು ಹೇಳದೆ ಮುಂದುವರಿಯಲಾಗದು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್ ಎಂಬ ಮುಂಚೂಣಿಯ ಐವರನ್ನು ಜನರು ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದೇಶದವರು, ಅವರ ಮತಗಳೂ ಮಾತೃಭಾಷೆಗಳೂ ಬೇರೆ ಬೇರೆ, ಹಾಗೆ ಕರೆದವರು ಬಂಗಾಳಿಗಳು. ಆಟದ ಬಯಲಿನಲ್ಲಿ ಭೇದಗಳು ಎಷ್ಟು ಸುಲಭವಾಗಿ ಕರಗುತ್ತವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಬೇಕೆ? ಚೆಂಡು ಅವರ ಪಾದಕ್ಕೆ ಅಂಟಿಕೊಂಡಂತೆ ಇರುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು. ಖಾನರು 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇನ್ನು ಶಿರೋನಾಮದಲ್ಲಿ ಸೂಚಿಸಿದ ಉಪಾಧ್ಯಾಯರ ಕಡೆಗೆ ಬರೋಣ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು 1909ರಲ್ಲಿ ಜನಿಸಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಶಾಲಾ ಮಾಸ್ತರರಾಗಿ ಜೀವನವನ್ನು ಆರಂಭಿಸಿದರು. ಅವರು ಪಳಗಿಸಿದ ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಒಂದೇ ಸಮನೆ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ಅವರೇ ಭಾರತದ ತಂಡಕ್ಕೂ ಶಿಕ್ಷಕರಾಗಿ ನೇಮಿತರಾದರು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯಾ ಕ್ರೀಡೆಗಳಲ್ಲಿ ಶೈಲೇನ್ ಮನ್ನಾರವರ ನಾಯಕತ್ವದ ತಂಡವು ಇಂಡೊನೇಷ್ಯಾವನ್ನೂ ಆಫ್ಘಾನಿಸ್ಥಾನವನ್ನೂ ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಜಯಿಸಿ ಚಿನ್ನದ ಪದಕವನ್ನು ಪಡೆಯಿತು.

ಜಯವು ತಲೆಗೇರುವುದಕ್ಕೆ ಮೊದಲೇ ಪರಾಭವವು ಕಾದಿತ್ತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಯುಗೊಸ್ಲಾವಿಯಾ ತಂಡವು ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲನ್ನು ಕೊನೆಯ ಗಳಿಗೆಯಲ್ಲಿ ಗಳಿಸಿದವರು ಅಹಮದ್ ಖಾನರು. ಉತ್ತರದೇಶದ ಚಳಿಯಲ್ಲಿ, ಹಸಿ ನೆಲದ ಮೇಲೆ ಬರಿಗಾಲು ನಿಲ್ಲದು. ಸ್ವದೇಶದಲ್ಲಿ ಇನ್ನೂ ಕಡಮೆ ಹೊತ್ತಿನ ಪಂದ್ಯಗಳನ್ನು ಆಡಿ ಅಭ್ಯಾಸವಾದವರಿಗೆ ತೊಂಬತ್ತು ನಿಮಿಷಗಳ ಓಟವು ಸಾಗದು. ಕೇವಲ ಸಹಜಪ್ರತಿಭೆಯಿಂದ ಎಲ್ಲಿಯವರೆಗೆ ಹೋಗಬಹುದೆಂಬುದು ಆ ದಿನ ಗೊತ್ತಾಯಿತು. ಅನಂತರ ಬೂಟು ಧರಿಸುವುದು ಕಡ್ಡಾಯವಾಯಿತು.

ಇಂತಹ ಸೋಲಾದಾಗ ಲೋಕರೂಢಿಯಂತೆ ಎರಡು ಮಾರ್ಗಗಳಿರುತ್ತವೆ. ದೈವವನ್ನೋ ಹವೆಯನ್ನೋ ನಿಂದಿಸಿ ಸುಮ್ಮನಾಗುವುದು ಒಂದು. ಸೋಲನ್ನೇ ಪಾಠಪುಸ್ತಕವನ್ನಾಗಿ ಮಾಡಿಕೊಳ್ಳುವುದು ಇನ್ನೊಂದು. ರಹೀಮರು ಎರಡನೆಯದನ್ನು ಹಿಡಿದರು. ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡು ಮೆರೆಯುವ ಚಪಲವನ್ನು ಬಿಡಿಸಿ, ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸುವುದನ್ನು ಕಲಿಸಿದರು. ಬಲಗಾಲಿನವನಿಗೆ ಎಡಗಾಲಿನಿಂದಲೇ ಆಡುವ ಅಭ್ಯಾಸದ ಪಂದ್ಯಗಳನ್ನು ಏರ್ಪಡಿಸಿದರು. ಯೂರೋಪಿನ ತಂಡಗಳು ಆಟಗಾರರನ್ನು ನಿಲ್ಲಿಸುವ ಕ್ರಮವನ್ನು ಕಣ್ಣಿಟ್ಟು ನೋಡಿ, ನಮ್ಮವರ ಶಕ್ತಿಗೆ ಹೊಂದುವಂತೆ ಅದನ್ನು ಅಳವಡಿಸಿದರು. ಉಪಾಧ್ಯಾಯವೃತ್ತಿಯಲ್ಲಿ ಕೂದಲು ನರೆಸಿಕೊಂಡ ನಮಗೆ ಇದರಲ್ಲಿ ಪರಿಚಿತವಾದ ಒಂದು ರೀತಿಯು ಕಾಣುತ್ತದೆ. ವ್ಯಾಕರಣವನ್ನು ಕಲಿಸುವವನೂ ಮಾಡತಕ್ಕದ್ದು ಇಷ್ಟೇ: ವಿದ್ಯಾರ್ಥಿಗೆ ಸುಲಭವಾದುದನ್ನು ಹೊಗಳುತ್ತ ಕೂರದೆ, ಕಷ್ಟವಾದುದನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಮಾಡಿಸುವುದು.

ಫಲವು ನಾಲ್ಕು ವರ್ಷಗಳಲ್ಲಿ ಕಂಡಿತು. 1956ರಲ್ಲಿ ಮೆಲ್ಬೋರ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವು ಆತಿಥೇಯರಾದ ಆಸ್ಟ್ರೇಲಿಯನರನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾರವರು ಆ ಒಂದೇ ಪಂದ್ಯದಲ್ಲಿ ಮೂರು ಗೋಲುಗಳನ್ನು ಹೊಡೆದರು. ಒಲಿಂಪಿಕ್ಕಿನಲ್ಲಿ ಈ ಸಾಧನೆಯನ್ನು ಮಾಡಿದ ಏಷ್ಯನರಲ್ಲಿ ಅವರೇ ಮೊದಲಿಗರು. ಉಪಾಂತ್ಯ ಪಂದ್ಯದಲ್ಲಿ ಎದುರಾದವರು ಅದೇ ಯುಗೊಸ್ಲಾವರು. ಮೊದಲ ಗೋಲು ನಮ್ಮದೇ ಆಯಿತು. ಕೊನೆಗೆ 4-1ರಿಂದ ಸೋತೆವು; ಆದರೆ ಹತ್ತು ಗೋಲುಗಳ ಸೋಲಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಅಳೆಯಬಹುದು. ಬಲ್ಗೇರಿಯಾದೊಡನೆಯೂ ಸೋತು ಭಾರತವು ನಾಲ್ಕನೆಯ ಸ್ಥಾನವನ್ನು ಪಡೆಯಿತು. ಅದಕ್ಕೆ ಮೊದಲು ಏಷ್ಯಾದ ಯಾವ ತಂಡವೂ ಒಲಿಂಪಿಕ್ಕಿನಲ್ಲಿ ಅಷ್ಟು ದೂರ ಹೋಗಿರಲಿಲ್ಲ.

ಎಲ್ಲಕ್ಕಿಂತಲೂ ಮಿಗಿಲಾದದ್ದು 1962ರ ಜಕಾರ್ತಾದ ಏಷ್ಯಾ ಕ್ರೀಡೆಗಳ ಕಥೆ. ಇಸ್ರೇಲ್ ಮತ್ತು ತೈವಾನ್ ದೇಶದವರಿಗೆ ಪ್ರವೇಶವನ್ನು ಕೊಡದಿದ್ದುದನ್ನು ಭಾರತೀಯ ಪ್ರತಿನಿಧಿಯೊಬ್ಬರು ಆಕ್ಷೇಪಿಸಿದ ಕಾರಣ ಅಲ್ಲಿಯ ಜನರು ನಮ್ಮವರ ಮೇಲೆ ಕೆರಳಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾದವರ ಕೈಯಲ್ಲಿ 2-0ರ ಸೋಲು. ಥಾಯ್ಲೆಂಡಿನೊಡನೆ 4-1ರಿಂದ ಗೆದ್ದೆವಾದರೂ ರಕ್ಷಣೆಯ ಸ್ತಂಭದಂತಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು ಜಯಿಸಿ ಉಪಾಂತ್ಯಕ್ಕೆ ಬಂದಾಗ ರಹೀಮರು ಒಂದು ಯುಕ್ತಿಯನ್ನು ಮಾಡಿದರು: ಗಾಯಗೊಂಡ ಜರ್ನೈಲರನ್ನು ಹಿಂದಿನಿಂದ ತೆಗೆದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಕಾಪಾಡುವವನು ಮುತ್ತಿಗೆ ಹಾಕುವವನಾದನು! ದಕ್ಷಿಣ ವಿಯೆಟ್ನಾಮಿನ ಮೇಲೆ 3-2ರಿಂದ ಗೆಲುವಾಯಿತು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಾಳಿಗಳು ಮತ್ತೆ ಕೊರಿಯನರೇ. ಲಕ್ಷದಷ್ಟು ಪ್ರೇಕ್ಷಕರಲ್ಲಿ ಬಹುಪಾಲು ಜನರು ಭಾರತಕ್ಕೆ ವಿರುದ್ಧವಾಗಿ ಕೂಗುತ್ತಿದ್ದರು. ಗೋಲಿನಲ್ಲಿ ಅಸ್ವಸ್ಥತೆಯಿಂದ ಎದ್ದು ಬಂದ ಪೀಟರ್ ತಂಗರಾಜ್. ನಾಯಕರು ಚುನಿ ಗೋಸ್ವಾಮಿ. ಬೆಂಗಳೂರಿನ ಅರುಮೈನಾಯಗಂ ಕೂಡ ಆ ಸಲದ ತಂಡದೊಡನೆ ಹೋಗಿದ್ದರು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿಯವರೂ ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗರೂ ಗೋಲುಗಳನ್ನು ಗಳಿಸಿದರು. ಕೊರಿಯನರಿಗೆ ಕೊನೆಯಲ್ಲಿ ಒಂದು ಮಾತ್ರ ದೊರೆಯಿತು. 2-1ರಿಂದ ಭಾರತಕ್ಕೆ ಎರಡನೆಯ ಚಿನ್ನ!

ಆ ದಿನ ಬಯಲಿನ ಅಂಚಿನಲ್ಲಿ ನಿಂತಿದ್ದ ಗುರುವು ಶ್ವಾಸಕೋಶದ ಅರ್ಬುದ ರೋಗದಿಂದ ಕ್ಷೀಣಿಸುತ್ತಿದ್ದರು. ಒಂಬತ್ತು ತಿಂಗಳು ತುಂಬಿದ ಮೇಲೆ, 1963ರ ಜೂನಿನಲ್ಲಿ ರಹೀಮರು ತೀರಿಕೊಂಡರು. ಅವರ ಚರಿತ್ರೆಯನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದೀ ಚಲಚ್ಚಿತ್ರವು 2024ರಲ್ಲಿ ತೆರೆಕಂಡಿತು. ಇಷ್ಟು ಕಾಲವಾದ ಮೇಲೆ ಅಷ್ಟಾದರೂ ಸ್ಮರಣೆಯು ನಡೆಯಿತಲ್ಲಾ ಎಂದು ಸಮಾಧಾನಪಡಬೇಕು.

ಅವರ ತರುವಾಯ ಏನಾಯಿತು? ಕೆಲವು ಕಾಲ ಹಳೆಯ ಬಲವು ನಡೆಸಿತು. 1964ರಲ್ಲಿ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ. 1970ರಲ್ಲಿ ಬ್ಯಾಂಕಾಕಿನ ಏಷ್ಯಾ ಕ್ರೀಡೆಗಳಲ್ಲಿ ಜಪಾನನ್ನು ಸೋಲಿಸಿ ಕಂಚಿನ ಪದಕ. ಅಲ್ಲಿಂದೀಚೆಗೆ ಆ ಕ್ರೀಡೆಗಳಲ್ಲಿ ನಮ್ಮ ಫುಟ್‌ಬಾಲ್ ತಂಡಕ್ಕೆ ಪದಕವು ದೊರೆತಿಲ್ಲ. 1960ರ ರೋಮ್ ಕ್ರೀಡೆಗಳ ಅನಂತರ ಒಲಿಂಪಿಕ್ಕಿನಲ್ಲಿ ನಾವು ಈ ಆಟವನ್ನು ಆಡಿಲ್ಲ. ನಾವು ಗೆದ್ದ ಜಪಾನೀಯರೂ ಕೊರಿಯನರೂ ವಿಶ್ವಕಪ್ಪಿನಲ್ಲಿ ಮತ್ತೆ ಮತ್ತೆ ಆಡಿ ಹೆಸರು ಗಳಿಸಿದ್ದಾರೆ. ಅವರು ಊರೂರಿನ ಶಾಲೆಗಳಲ್ಲಿ ಚಿಕ್ಕಂದಿನಿಂದಲೇ ಶಿಕ್ಷಣಕ್ರಮವನ್ನು ನೆಲೆಗೊಳಿಸಿದರು. ನಾವಾದರೋ ಒಬ್ಬ ಗುರುವಿನ ತಲೆಯಲ್ಲಿದ್ದ ವಿದ್ಯೆಯನ್ನು ಅವನೊಡನೆಯೇ ಮಣ್ಣುಗೂಡಿಸಿದೆವು. ಪರಂಪರೆಯಿಲ್ಲದ ವಿದ್ಯೆಯು ಎಷ್ಟು ದೊಡ್ಡದಾದರೂ ಒಂದು ತಲೆಮಾರಿಗೆ ಮುಗಿಯುತ್ತದೆ. ಈ ಚರಿತ್ರೆಯಿಂದ ತಿಳಿಯಬೇಕಾದ ಮುಖ್ಯವಾದ ಮಾತು ಇದೇ.

ಆದರೂ ನೆಲವು ಬಂಜೆಯಾಗಿಲ್ಲವೆಂಬುದಕ್ಕೆ ಸಾಕ್ಷಿಯಿದೆ. 1967-68ರಲ್ಲಿಯೂ 1968-69ರಲ್ಲಿಯೂ ಮೈಸೂರು ಎಂಬ ಹೆಸರಿನಿಂದ ಸಂತೋಷ್ ಟ್ರೋಫಿಯನ್ನು ಗೆದ್ದ ನಮ್ಮ ರಾಜ್ಯವು 54 ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವೆಂಬ ಹೆಸರಿನಿಂದ ಮೊದಲ ಬಾರಿಗೆ ಅದನ್ನು ತಂದಿತು. ಅದೇ ವರ್ಷದ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತವು ಕುವೈತನ್ನು ಪೆನಾಲ್ಟಿಗಳಲ್ಲಿ ಜಯಿಸಿ ದಕ್ಷಿಣ ಏಷ್ಯಾದ ಪಾರಿತೋಷಕವನ್ನು ಒಂಬತ್ತನೆಯ ಬಾರಿಗೆ ಗಳಿಸಿತು.

ಇದನ್ನೆಲ್ಲ ಓದಿದ ಗೃಹಸ್ಥರು, ‘ಕುಂಸಿಯಲ್ಲಿಯೋ ಭದ್ರಾವತಿಯಲ್ಲಿಯೋ ಕುಳಿತ ನಾವು ಮಾಡಬಹುದಾದದ್ದೇನು?’ ಎಂದು ಕೇಳಬಹುದು. ಸಂಜೆ ಒಂದು ಗಂಟೆ ಆಡಿ ಬಂದ ಮಗುವನ್ನು ‘ಆಟವು ಅನ್ನ ಹಾಕುತ್ತದೆಯೇ?’ ಎಂದು ಗದರಿಸುವುದು ನಮ್ಮ ಮನೆಗಳಲ್ಲಿ ವಾಡಿಕೆ. ಆಡಿದ ಮಕ್ಕಳೆಲ್ಲರೂ ಅಹಮದ್ ಖಾನರಾಗುವುದಿಲ್ಲ, ನಿಜ. ಓದಿದ ಮಕ್ಕಳೆಲ್ಲರೂ ಕಾಳಿದಾಸರಾಗುತ್ತಾರೆಯೇ? ಚೆಂಡನ್ನು ತನಗಿಂತ ಉತ್ತಮವಾದ ಸ್ಥಾನದಲ್ಲಿರುವ ಗೆಳೆಯನಿಗೆ ಕೊಡುವುದನ್ನು ಕಲಿತ ಹುಡುಗನೂ ಹುಡುಗಿಯೂ ಮನೆಯಲ್ಲಿ, ಊರಿನಲ್ಲಿ ಅದೇ ಗುಣವನ್ನು ತೋರುವುದನ್ನು ನಾವು ಹಲವು ವರ್ಷ ಕಂಡಿದ್ದೇವೆ.

ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತುಕೊಳ್ಳುವ ತಂದೆತಾಯಿಗಳು ಕಟ್ಟಡದ ಬಣ್ಣವನ್ನು ವಿಚಾರಿಸುವಂತೆ ಎರಡು ಪ್ರಶ್ನೆಗಳನ್ನೂ ಕೇಳಲಿ: ಮಕ್ಕಳು ಓಡುವುದಕ್ಕೆ ಬಯಲು ಉಳಿದಿದೆಯೇ? ದೈಹಿಕ ಶಿಕ್ಷಣದ ಉಪಾಧ್ಯಾಯರ ಹುದ್ದೆಯು ತುಂಬಿದೆಯೇ, ಬರಿದಾಗಿದೆಯೇ? ಆಟದ ಅವಧಿಯನ್ನು ಗಣಿತಕ್ಕೆ ಕಿತ್ತುಕೊಳ್ಳುವ ಪದ್ಧತಿಯಿದ್ದರೆ ಅದನ್ನು ವಿನಯದಿಂದ ತಡೆಯಲಿ. ಚೆಂಡಿಗೆ ಹೆಚ್ಚು ಹಣವು ಬೇಕಾಗದು, ಕಲಿಸುವವರು ಬೇಕು. ಬಡವರ ಮಕ್ಕಳ ಬರಿಗಾಲಿನಿಂದ ಆರಂಭವಾದ ಆಟವನ್ನು ಏಷ್ಯಾದ ಶಿಖರಕ್ಕೆ ಏರಿಸಿದವರು ಒಬ್ಬ ಶಾಲಾ ಮಾಸ್ತರರೆಂಬುದನ್ನು ನೆನೆದರೆ, ನಮ್ಮ ಊರಿನ ಶಾಲೆಯ ಬಯಲನ್ನೂ ಅಲ್ಲಿ ನಿಂತು ಸೀಟಿ ಊದುವ ಉಪಾಧ್ಯಾಯರನ್ನೂ ಇನ್ನಷ್ಟು ಗೌರವದಿಂದ ಕಾಣುವುದು ನಮಗೆ ಕಷ್ಟವಾಗಲಾರದು.