ಮಿಷನ್ನಿನ ಜಮಾ-ಖರ್ಚು: ಬೆಳಗಾವಿ, ಖಾನಾಪುರ ಮತ್ತು ಕಡಲಾಚೆ

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿತು. ಎರಡೇ ವರ್ಷಕ್ಕೆ, 1820ರಲ್ಲಿ, ಬಳ್ಳಾರಿಯಿಂದ ಜೋಸೆಫ್ ಟೇಲರ್ ಬಂದು ಲಂಡನ್ ಮಿಷನ್ನಿನ ಕೆಲಸ ಶುರು ಮಾಡಿದರು. ಕಿತ್ತೂರಿನ ಕಾಳಗಕ್ಕೆ ಆಗ ಇನ್ನೂ 4 ವರ್ಷವಿತ್ತು. ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಕೋಟೆ, ದಂಡು, ಪಾದ್ರಿ ಒಂದರ ಹಿಂದೊಂದು ಬಂದವೆಂಬುದನ್ನು ಮುಚ್ಚಿಟ್ಟು ಮಿಷನ್ನಿನ ಲೆಕ್ಕ ಬರೆಯಲಾಗದು.

1904ರಲ್ಲಿ ಲಂಡನ್ನಿನವರು ಬೆಳಗಾವಿಯನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿ ಹೊರಟರು. 1981ರ ಜನವರಿಯಲ್ಲಿ ಭಾರತದ ಮೆಥಡಿಸ್ಟ್ ಚರ್ಚ್ ಸ್ವಾಯತ್ತವಾಯಿತು. ಲಂಡನ್ನಿನ ಖಾತೆಯಲ್ಲಿ 84 ವರ್ಷ, ಅಮೆರಿಕದ ಖಾತೆಯಲ್ಲಿ 77. ಒಟ್ಟು 161 ವರ್ಷ ಇಲ್ಲಿನ ಸಭೆಯ ಹಿಂದೆ ಕಡಲಾಚೆಯ ಮಂಡಳಿಯೊಂದು ನಿಂತಿತ್ತು.

ಮಿಷನ್‌ಗಳು ನಾಡನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಧಾರವಾಡ, ಹುಬ್ಬಳ್ಳಿ ಬಾಸೆಲ್ ಮಿಷನ್ನಿನವರಿಗೆ, ಮಿರಜ ಅಮೆರಿಕದ ಪ್ರೆಸ್ಬಿಟೇರಿಯನ್ನರಿಗೆ, ಬೆಳಗಾವಿ ಮೆಥಡಿಸ್ಟರಿಗೆ. ಹೋಲಿಕೆಗೆ ಇಲ್ಲಿ ತರುವ ಇನ್ನೊಂದು ಕ್ರೈಸ್ತ ಪಂಥ ಮೆನೊನೈಟರದು. ಅವರ ಪಾಲು ಪೂರ್ವಕ್ಕೆ ಬಿತ್ತು. 1899ರಲ್ಲಿ ಅವರ ಒಂದು ತಂಡ ಈಗಿನ ಛತ್ತೀಸಗಢದ ಧಮತರಿಗೆ ಬಂತು. ಮೆನೊನೈಟ್ ಬ್ರದರನ್ ಎಂಬ ಇನ್ನೊಂದು ಶಾಖೆ ನಿಜಾಮರ ಸೀಮೆಯ ಮೆಹಬೂಬನಗರ, ಗದ್ವಾಲ, ನಾರಾಯಣಪೇಟೆಗಳಲ್ಲಿ ನೆಲೆಯೂರಿತು. ಗದ್ವಾಲ, ನಾರಾಯಣಪೇಟೆ ನಮ್ಮ ರಾಯಚೂರಿನ ಮಗ್ಗುಲಲ್ಲೇ ಇವೆ. ಆ ಗಡಿಯ ಹಳ್ಳಿಗಳಲ್ಲಿ ಕನ್ನಡವೂ ಮನೆಮಾತು.

ಅಮೆರಿಕದ ಮೆನೊನೈಟರನ್ನು ಭಾರತಕ್ಕೆ ಎಳೆದು ತಂದದ್ದು ಬರಗಾಲ. 1896-97ರ ಬರದಲ್ಲಿ ಅವರು ಕಾಳು, ಹಣ ಕೂಡಿಸಿ ಜಾರ್ಜ್ ಲ್ಯಾಂಬರ್ಟ್ ಎಂಬವರನ್ನು ಇಲ್ಲಿಗೆ ಕಳಿಸಿದರು. ಆ ಕಾಲದ ನೆರವು ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಬೇರೊಂದು ಹಡಗಿನ ಲೆಕ್ಕ ನೋಡಿ. 1900ರಲ್ಲಿ 'ಕ್ವಿಟೊ' ಎಂಬ ಹಡಗು ನ್ಯೂಯಾರ್ಕ್‌ನಿಂದ ಮುಂಬಯಿಗೆ 2 ಲಕ್ಷ ಬುಶೆಲ್ ಮೆಕ್ಕೆಜೋಳ ತಂದಿತು. ಅದು ಮೆನೊನೈಟರದಲ್ಲ, 'ಕ್ರಿಶ್ಚಿಯನ್ ಹೆರಾಲ್ಡ್' ಪತ್ರಿಕೆ ಎತ್ತಿದ ನೆರವು. ಬುಶೆಲ್ಲಿಗೆ 25.4 ಕಿಲೊ ಹಿಡಿದರೆ 5,080 ಟನ್. ದಿನಕ್ಕೆ ತಲೆಗೆ ಅರ್ಧ ಕಿಲೊದಂತೆ ಲಕ್ಷ ಜನಕ್ಕೆ ನೂರು ದಿನದ ಊಟ. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದ ಹಸಿವಿನ ಮುಂದೆ ಇದು ಎಷ್ಟರದು?

ಮಿಷನ್‌ಗಳ ದುಡ್ಡು ಒಂದೇ ಬಗೆಯದಲ್ಲ. ಲಂಡನ್ ಮಿಷನ್ ನಡೆದದ್ದು ವಂತಿಗೆಯಿಂದ. ಬಾಸೆಲ್‌ನವರು ವ್ಯಾಪಾರಕ್ಕೂ ಇಳಿದರು: 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆ ಹೆಂಚಿನ ಮಾದರಿ ಘಟ್ಟ ಹತ್ತಿ ಬಂತು, ಕೆಂಪು ಜೇಡಿಗೆ ಹೆಸರಾದ ಖಾನಾಪುರದ ಕಾರ್ಖಾನೆಗಳಲ್ಲೂ ತಯಾರಾಯಿತು. ಮತಾಂತರದ ಲೆಕ್ಕ ಏನೇ ಇರಲಿ, ಹೆಂಚಂತೂ ಎಲ್ಲ ಜಾತಿಯವರ ಮಾಡನ್ನೂ ಏರಿತು.

ಮೆನೊನೈಟರು ಕೈಕೆಲಸವನ್ನೂ ನೆಚ್ಚಿಕೊಂಡರು. ಅವರ ನೆರವಿನ ಸಂಸ್ಥೆ, ಮೆನೊನೈಟ್ ಸೆಂಟ್ರಲ್ ಕಮಿಟಿ, ಹುಟ್ಟಿದ್ದು 1920ರಲ್ಲಿ, ಉಕ್ರೇನಿನಲ್ಲಿ ಹಸಿದಿದ್ದ ತಮ್ಮವರಿಗಾಗಿ. ಅಲ್ಲಿಗೆ ಅನ್ನದ ಜತೆಗೆ 50 ಫೋರ್ಡ್‌ಸನ್ ಟ್ರ್ಯಾಕ್ಟರುಗಳನ್ನೂ ಕಳಿಸಿದರು. ಉಳುವ ಕುದುರೆಗಳು ಯುದ್ಧ, ಬರಗಳಲ್ಲಿ ಹೋಗಿಬಿಟ್ಟಿದ್ದವು. 1942ರಲ್ಲಿ ಅದೇ ಸಂಸ್ಥೆ ಬಂಗಾಳಕ್ಕೆ ಬಂತು. ಮೆನೊನೈಟ್ ಹೆಂಗಸರು ಹೊಲಿದ ಕೌದಿಗಳು ಇಂದಿಗೂ ಹರಾಜಿಗೆ ಬಂದು ಹಣವಾಗುತ್ತವೆ. ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇದೆ, ಹರಾಜು ಕೂಗುವುದೊಂದು ನಮಗೆ ಹೊಳೆಯಲಿಲ್ಲ.

ಈಗ ತಲೆಗಳ ಲೆಕ್ಕ. ಮೆನೊನೈಟ್ ಪಂಥದ ಮೂಲ 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ನಡೆದ ವಯಸ್ಕರ ದೀಕ್ಷಾಸ್ನಾನದಲ್ಲಿದೆ. ಹೆಸರು ಬಂದದ್ದು ಡಚ್ ನಾಡಿನ ಮೆನೊ ಸೈಮನ್ಸ್‌ನಿಂದ. ಮೆನೊನೈಟ್ ವಿಶ್ವ ಸಮ್ಮೇಳನದ 2018ರ ಎಣಿಕೆಯಂತೆ 86 ದೇಶಗಳಲ್ಲಿ ದೀಕ್ಷಾಸ್ನಾನ ಪಡೆದ ಸದಸ್ಯರು ಸುಮಾರು 21.3 ಲಕ್ಷ. ಆಫ್ರಿಕದಲ್ಲಿ ಶೇ 36, ಉತ್ತರ ಅಮೆರಿಕದಲ್ಲಿ ಶೇ 30ರ ಆಸುಪಾಸು, ಏಷ್ಯಾ-ಪೆಸಿಫಿಕ್‌ನಲ್ಲಿ ಶೇ 20, ಲ್ಯಾಟಿನ್ ಅಮೆರಿಕದಲ್ಲಿ ಸುಮಾರು ಶೇ 10. ಹುಟ್ಟಿದ ಯುರೋಪಿನಲ್ಲಿ ಬರೀ ಶೇ 3, ಅಂದರೆ 64 ಸಾವಿರ. 2011ರ ಬೆಳಗಾವಿ ನಗರದ 4.88 ಲಕ್ಷಕ್ಕೆ ಹೋಲಿಸಿದರೆ ಎಂಟನೇ ಒಂದು ಪಾಲು. ಭಾರತದ ಮೆನೊನೈಟರೇ ಸುಮಾರು ಎರಡೂವರೆ ಲಕ್ಷ. ಹೆಚ್ಚುಕಡಿಮೆ ಇಡೀ ಖಾನಾಪುರ ತಾಲೂಕಿನಷ್ಟು ಜನ.

ಹಾಕಿದ ಹಣಕ್ಕೂ ಬೆಳೆದ ಸಂಖ್ಯೆಗೂ ತಾಳೆಯೇ ಇಲ್ಲ ಎಂಬುದಕ್ಕೆ ಇಥಿಯೋಪಿಯ ಸಾಕ್ಷಿ. 1982ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರಕಾರ ಮೆಸೆರೆಟೆ ಕ್ರಿಸ್ಟೋಸ್ ಎಂಬ ಮೆನೊನೈಟ್ ಚರ್ಚನ್ನು ಮುಚ್ಚಿಸಿ, ಕಟ್ಟಡ ಕಿತ್ತುಕೊಂಡು, ಮುಖಂಡರನ್ನು ಜೈಲಿಗೆ ಹಾಕಿತು. ಆಗ ಸದಸ್ಯರು ಸುಮಾರು 5,000. ಮನೆಗಳಲ್ಲಿ ಕದ್ದು ಸೇರುತ್ತ ಅವರು 1991ರ ಹೊತ್ತಿಗೆ ಸುಮಾರು 34,000 ಆಗಿದ್ದರು. ಕಟ್ಟಡವಿಲ್ಲ, ಪರದೇಶದ ಮಿಷನರಿಯಿಲ್ಲ. ಒಂಬತ್ತು ವರ್ಷದಲ್ಲಿ ಹತ್ತಿರಹತ್ತಿರ ಏಳು ಪಟ್ಟು.

ಬೆಳಗಾವಿಯ ಫಲ ಬೇರೆ ಬಗೆಯದು. ಇಲ್ಲಿ ಬೆಳೆದದ್ದು ಶಾಲೆ. ಲಂಡನ್ ಮಿಷನ್ನಿನ ಇಬ್ಬರು ಪಾದ್ರಿಗಳ ಹೆಸರು ಬೆನನ್-ಸ್ಮಿತ್ ಹೈಸ್ಕೂಲಿನ ಫಲಕದ ಮೇಲಿದೆ. ಜೆಸ್ಯುಯಿಟರ ಸೇಂಟ್ ಪಾಲ್ಸ್ 1856ರದು. ಇಂಗ್ಲಿಷ್ ಶಾಲೆಯ ಬಲವನ್ನು ಊರು ಕಣ್ಣಾರೆ ಕಂಡಿತ್ತು. 1916ರಲ್ಲಿ ಏಳು ಜನ ಶಿಕ್ಷಕರು ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದಾಗ ಹಣ ಕೊಟ್ಟವರು ಸ್ಥಳೀಯ ದಾನಿಗಳು, ದೇಸಗತಿಯವರು. ಮಿಷನ್ನಿನ ಜಮಾ-ಖರ್ಚಿನ ವಹಿಯಲ್ಲಿ ಈ ಸಾಲಿಗೆ ಜಾಗವಿಲ್ಲ, ನನ್ನ ಲೆಕ್ಕದಲ್ಲಿ ಬೆಳಗಾವಿಯ ಮಟ್ಟಿಗೆ ಇದೇ ದೊಡ್ಡ ಜಮೆ.

ಪರದೇಶದ ಹಣದ ದಾರಿ ಈಗ ಇಕ್ಕಟ್ಟು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅದು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು: 10 ಲಕ್ಷ ಬಂದರೆ ಕಚೇರಿಗೆ 5 ಲಕ್ಷ ಬಳಸಬಹುದಿದ್ದವರಿಗೆ ಈಗ 2 ಲಕ್ಷ. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದಂತೂ ಪೂರಾ ಬಂದ್. ದೊಡ್ಡ ಸಂಸ್ಥೆಯ ಮೂಲಕ ಪಾಲು ಪಡೆಯುತ್ತಿದ್ದ ಸಣ್ಣವುಗಳಿಗೆ ಹೆಚ್ಚು ಪೆಟ್ಟು ಬಿದ್ದದ್ದು ಇಲ್ಲಿ. 2022ರ ಜನವರಿ 1ರಂದು ಒಮ್ಮೆಗೇ 5,933 ಸಂಸ್ಥೆಗಳ ನೋಂದಣಿ ಇಲ್ಲವಾಗಿ 16,829 ಉಳಿದವು.

ಆದರೆ ಪಾದ್ರಿಯೊಬ್ಬ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿಬರಲು ದಿಲ್ಲಿಯ ಖಾತೆ ಬೇಕಿಲ್ಲ. ದೂರ ಸುಮಾರು 26 ಕಿಲೊಮೀಟರು, ಹೋಗಿಬರಲು 52. ಲೀಟರಿಗೆ 40 ಕೊಡುವ ಬೈಕಿಗೆ 1.3 ಲೀಟರ್ ಪೆಟ್ರೋಲು. ಲೀಟರಿಗೆ 103 ರೂಪಾಯಿ ಹಿಡಿದರೆ 134 ರೂಪಾಯಿ. ವರ್ಷದ 52 ಭಾನುವಾರಕ್ಕೆ 7,000ದ ಒಳಗೇ. ಐವತ್ತು ಮನೆಗಳ ಸಭೆಯಾದರೆ ಮನೆಗೆ 140 ರೂಪಾಯಿ ಸಾಕು. ಕಾಣಿಕೆ ಡಬ್ಬಿಗೆ ಭಾರವಾಗುವುದು ಪೆಟ್ರೋಲಲ್ಲ. ಮಂಡಳಿಗಳು ಬಿಟ್ಟುಹೋದ ಎತ್ತರದ ಮಾಡು, ದಪ್ಪ ಗೋಡೆ, ಮಲೆನಾಡಿನ ಸೆರಗಿನ ಮಳೆಗೆ ಆಗಾಗ ಬದಲಿಸಬೇಕಾದ ಹೆಂಚು ಮತ್ತು ರೀಪು.