ಫೋಟೊ ದೊಡ್ಡದು ಮಾಡಿಸುವ ಮುನ್ನ, ನಿಮಗಿದು ಗೊತ್ತೇ?

ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್ ಚೊಕ್ಕವಾಗಿ ಕಾಣಲು ಇಂಚಿಗೆ 300 ಪಿಕ್ಸೆಲ್ ಇರಬೇಕೆಂಬುದು ಪ್ರಿಂಟಿಂಗ್‌ನವರ ಲೆಕ್ಕ. ಫೋಟೊದ ಅಗಲ, ಎತ್ತರದ ಪಿಕ್ಸೆಲ್‌ಗಳನ್ನು 300ರಿಂದ ಭಾಗಿಸಿ. 4000×3000 ಪಿಕ್ಸೆಲ್‌ನ, ಅಂದರೆ 12 ಮೆಗಾಪಿಕ್ಸೆಲ್‌ನ ಮೊಬೈಲ್ ಫೋಟೊ 13×10 ಇಂಚಿಗೆ ಧಾರಾಳ. ಗೋಡೆಗೆ ಹಾಕುವುದಾದರೆ ಇಂಚಿಗೆ 150 ಇದ್ದರೂ ನಡೆಯುತ್ತದೆ. ಆಗ ಅದೇ ಫೋಟೊ 26×20 ಇಂಚಿಗೂ ಸಾಕು.

ಪ್ರಿಂಟಿನ ಉದ್ದಗಲ ಎರಡರಷ್ಟಾದರೆ ಬೇಕಾಗುವ ಪಿಕ್ಸೆಲ್ ನಾಲ್ಕರಷ್ಟು! 4×6 ಇಂಚಿಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು, 8×12ಕ್ಕೆ ಎಂಟೂವರೆ ದಾಟುತ್ತದೆ.

1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ ಕೊಡುತ್ತಿದ್ದುದು 100×100 ಪಿಕ್ಸೆಲ್‌ನ ಕಪ್ಪು-ಬಿಳುಪು ಚಿತ್ರ. ಇಂದಿನ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಅದರ ಅಗಲ ಇಂಚಿನ ಮೂರನೇ ಒಂದು ಭಾಗವಷ್ಟೇ.

‘ಇದು 72 ಡಿಪಿಐ ಫೋಟೊ, ದೊಡ್ಡದು ಬರಲ್ಲ’ ಎಂದರೆ ಗಾಬರಿ ಬೀಳಬೇಡಿ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ; 72 ಎಂಬುದು ಫೈಲ್‌ಗೆ ಅಂಟಿಸಿದ ಚೀಟಿಯಷ್ಟೇ. ಅದನ್ನು 300 ಎಂದು ತಿದ್ದಿದ ಮಾತ್ರಕ್ಕೆ ಒಳಗಿರುವ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಫೈಲ್ ಎಷ್ಟು ಎಂಬಿ ಇದೆ ಎಂಬುದನ್ನೂ ನಂಬಬೇಡಿ. ಒಂದೇ ಕ್ಯಾಮೆರಾದಲ್ಲಿ ತೆಗೆದರೂ ಬರೀ ಆಕಾಶದ ಜೆಪೆಗ್ ಸಣ್ಣದಿರುತ್ತದೆ, ಎಲೆ ತುಂಬಿದ ಮರದ್ದು ದೊಡ್ಡದಿರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಇಡೀ ಫೋಟೊದಲ್ಲಿ ಎಷ್ಟು ಪಿಕ್ಸೆಲ್ ಇದೆ ಅನ್ನುವುದಲ್ಲ, ನಿಮಗೆ ಬೇಕಾದ ಮುಖದ ಪಾಲಿಗೆ ಎಷ್ಟು ಬಂದಿದೆ ಅನ್ನುವುದು. ಮನೆಯ ಹಿರಿಯರು ತೀರಿಕೊಂಡಾಗ ಹಾರ ಹಾಕಲು ಒಂಟಿ ಫೋಟೊ ಸಿಗದೆ, ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ಸ್ಟುಡಿಯೊಗೆ ಕೊಡುವವರು ಬಹಳ. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತರೆ ತಲೆಗೆ 200 ಪಿಕ್ಸೆಲ್. ಭುಜ, ಸಂದು ಬಿಟ್ಟು ಮುಖಕ್ಕೆ ಉಳಿಯುವುದು 100 ಎನ್ನೋಣ. ಫ್ರೇಮಿನಲ್ಲಿ ಆ ಮುಖವನ್ನು ಐದಿಂಚಿಗೆ ಹಿಗ್ಗಿಸಿದರೆ ಇಂಚಿಗೆ ಬರೀ 20! ಕಣ್ಣು ಕಲೆಯಂತಾಗುತ್ತದೆ, ಹಣೆಯ ಸುಕ್ಕು ಮಾಯವಾಗುತ್ತದೆ. ಎಐ ಆ್ಯಪ್‌ಗೆ ಕೊಟ್ಟರೆ ಅದು ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಚಿತ್ರ ನುಣುಪಾದರೂ ಅಜ್ಜಿಯ ಮುಖ ಬೇರೆ ಯಾರದೋ ಆಗಿಬಿಡಬಹುದು. ಹಿರಿಯರು ಎದುರಿಗಿರುವಾಗಲೇ ಜಗಲಿಯ ಬೆಳಕಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆದಿಡಿ, ದಯವಿಟ್ಟು.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಅಂದರೆ ಇಂಚಿಗೆ 300ರ ಲೆಕ್ಕದಲ್ಲಿ ಐದಿಂಚಿನ ಆಸುಪಾಸು. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಇದಕ್ಕಿಂತ ವಾಸಿ. ಡಾಕ್ಯುಮೆಂಟ್ ಆಗಿ ಕಳಿಸಿದರಂತೂ ಮೂಲ ಫೈಲೇ ಹೋಗುತ್ತದೆ.

50, 108, 200 ಮೆಗಾಪಿಕ್ಸೆಲ್ ಎಂದು ಬರೆದುಕೊಂಡ ಫೋನ್‌ಗಳಲ್ಲಿ ಹೆಚ್ಚಿನವು ಮಾಮೂಲಿ ಸೆಟ್ಟಿಂಗ್‌ನಲ್ಲಿ ನಾಲ್ಕು, ಒಂಬತ್ತು ಅಥವಾ ಹದಿನಾರು ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಉಳಿಸುತ್ತವೆ.

ಹಾಗಾದರೆ ರಸ್ತೆ ಬದಿಯ ದೊಡ್ಡ ಹೋರ್ಡಿಂಗ್? ಅಲ್ಲಿ ಉಪಕಾರ ಮಾಡುವುದು ದೂರ. ಸಾಮಾನ್ಯ ಕಣ್ಣಿಗೆ ಒಂದಡಿಯಿಂದ ಇಂಚಿಗೆ ಸುಮಾರು 300 ಪಿಕ್ಸೆಲ್ ಬೇಕು, ಆರಡಿಯಿಂದ 50, ನೂರಡಿಯಿಂದ ಮೂರೇ ಸಾಕು. 2015ರಲ್ಲಿ ಆ್ಯಪಲ್ ಕಂಪನಿ ಹಲವು ದೇಶಗಳ ಹೋರ್ಡಿಂಗ್‌ಗಳಲ್ಲಿ ಹಾಕಿದ್ದು ಐಫೋನ್ 6ರಲ್ಲಿ ಜನ ತೆಗೆದ ಫೋಟೊಗಳನ್ನು. ಆ ಫೋನಿನ ಕ್ಯಾಮೆರಾ 8 ಮೆಗಾಪಿಕ್ಸೆಲ್.

ಕೈ ಅಲುಗಿದ, ಫೋಕಸ್ ತಪ್ಪಿದ ಫೋಟೊಗೆ ಮಾತ್ರ ಯಾವ ಲೆಕ್ಕವೂ ನಡೆಯದು. ಕಂಪ್ಯೂಟರಿನಲ್ಲಿ 100% ಜೂಮ್‌ಗಿಟ್ಟು ಕಣ್ಣಿನ ರೆಪ್ಪೆ ನೋಡಿ. ಕೂದಲು ಬಿಡಿಬಿಡಿಯಾಗಿ ಕಂಡರೆ ಒಳ್ಳೆಯದು. ಆಮೇಲೂ ಅನುಮಾನವಿದ್ದರೆ, ದೊಡ್ಡ ಪ್ರಿಂಟಿನಲ್ಲಿ ಮುಖ ಎಷ್ಟು ದೊಡ್ಡದಾಗಿ ಬರುತ್ತದೋ ಅದೇ ಅಳತೆಯಲ್ಲಿ ಆ ತುಂಡನ್ನಷ್ಟೇ 4×6 ಕಾಗದದ ಮೇಲೆ ಮೊದಲು ಹಾಕಿಸಿ ನೋಡಿ.